ಉಪ್ಪಿಟ್ಟಿಗೆ ಮೊದಲು ಒಂದು ಪ್ರಶ್ನೆ

“ಆಕ್ಟೋಪಸ್‌ಗೆ ಎಷ್ಟು ಹೃದಯ ಇರ್ತಾವ, ಹೇಳವ್ವಾ ನೋಡೋಣು?”

ಸವಣೂರಿನ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ ಕೇಳಿದರು. ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟು, ಮುಖದಲ್ಲಿ ಪರೀಕ್ಷಾ ಮಂಡಳಿಯ ಗತ್ತು. ಜನರಲ್ ನಾಲೆಜ್ ನೋಡದೆ ಅವರು ಸೊಸೆಯನ್ನು ತರುವುದಿಲ್ಲವಂತೆ.

ಮೂರು ಎಂದೆ. ನಮ್ಮೂರಿನ ದೊಡ್ಡ ಹುಣಸೆ ಮರ, ಅಂದರೆ ಬಾವೋಬಾಬ್, ಮೂಲತಃ ಯಾವ ಖಂಡದ್ದು ಎಂದರು. ಆಫ್ರಿಕಾ ಎಂದೆ. ಹುಡುಗನಿಗೆ ಮಾತ್ರ ಪರೀಕ್ಷೆಯಿಂದ ವಿನಾಯಿತಿ; ಆರಾಮಾಗಿ ತಿನ್ನುತ್ತಿದ್ದ. ಮಾವ ಮತ್ತೆ ಗಂಟಲು ಸರಿಮಾಡಿಕೊಂಡಾಗ ನನಗೆ ತಡೆಯಲಾಗಲಿಲ್ಲ.

“ನಾನೂ ಒಂದು ಕೇಳ್ತೇನ್ರಿ. ನನ್ನ ಹೆಸರೇನು?”

ಮಾವ ಹುಡುಗನ ಮುಖ ನೋಡಿದರು. ಹುಡುಗ ತಡವರಿಸಿ, “ರೇಣುಕಾ… ಅಲ್ಲೇನ್ರಿ?” ಎಂದ. “ಆಕಿ ಮುಂಜಾನೆ ಹಾನಗಲ್ಲಾಗ ನೋಡಿದಾಕಿ!” ಎಂದು ಅವನ ತಾಯಿ ಕಿವಿಯಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತು.

ಮರುದಿನ ಫೋನು ಬಂತು, ಹುಡುಗಿಯ ಬಾಯಿ ಜೋರಂತೆ. ಅಂದಿನಿಂದ ನೋಡಲು ಯಾರೇ ಬರಲಿ, ಅವ್ವ ಬಾಗಿಲಲ್ಲೇ ನನ್ನ ಹೆಸರು ಕೇಳುತ್ತಾಳೆ. ಸರಿ ಉತ್ತರ ಬಂದ ಮೇಲೆಯೇ ರವೆ ಹುರಿಯುವುದು. ಡಬ್ಬಿಯಲ್ಲಿ ರವೆ ಹಾಗೇ ಉಳಿದಿದೆ.