ಹುರಳಿ ಹರವಿದ ರಸ್ತೆಯಲ್ಲಿ ವೇಗ ಅಳೆದ ದಿನ

ಮೂವರು ಗಂಡುಮಕ್ಕಳನ್ನು ಹೆತ್ತ ನನಗೆ ಮನೆಯಲ್ಲಿ ಹೆಣ್ಣು ಕೂಸಿನ ಬಳೆ ಸದ್ದು ಕೇಳಲು ಇಷ್ಟು ವರ್ಷ ಬೇಕಾಯಿತು. ಹೋದ ವರ್ಷ ಮೊಮ್ಮಗಳು ಶಾಲೆಗೆ ಸೇರಿದಳು. ಅವಳು ಪಾಟಿಚೀಲ ಹಾಕಿಕೊಂಡು ಹೊಸ್ತಿಲು ದಾಟಿದರೆ ನನಗೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸುತ್ತೇನೆ.

ಆದರೆ ಹೊಸ್ತಿಲಿನ ಮುಂದೆಯೇ ಡಾಂಬರು ರಸ್ತೆ, ಅದರಾಚೆ ಶಾಲೆ. ಇಳಕಲ್ಲಿಗೆ ಕಲ್ಲು ಹೇರಿಕೊಂಡು ಹೋಗುವ ಲಾರಿಗಳು ನಮ್ಮದನ್ನು ಒಂದು ಊರೆಂದೇ ಹಿಡಿಯುತ್ತಿರಲಿಲ್ಲ. ಒಂದು ಲಾರಿ ಹಾದರೆ ಮನೆಯ ಗಂಗಾಳಗಳು ನಡುಗುತ್ತಿದ್ದವು. ನನ್ನ ಕೂಸು ಇದನ್ನು ದಿನಾ ದಾಟಬೇಕು.

ನಾನು ಕಲಿತದ್ದು ಎರಡನೆಯ ಇಯತ್ತೆ. ಗ್ರಾಮಸಭೆಯಲ್ಲಿ ಹೆಂಗಸರು ಹಿಂದೆ ಕೂತು ಚಹಾ ಕುಡಿದು ಬರುವುದು ರೂಢಿ. ನಾನು ಎದ್ದು ನಿಂತೆ.

"ಅಧ್ಯಕ್ಷರ, ಸಾಲಿ ಮುಂದ ಗಾಡಿ ನಿಧಾನ ಹೋಗ್ಲಿ ಅಂತ ಒಂದು ಬೋರ್ಡ್ ಹಾಕ್ಸ್ರಿ."

"ಯಮ್ಮಾ, ಅದು ಪಂಚಾಯ್ತಿ ಕೈಯಾಗಿಲ್ಲ. ರಸ್ತಾ ನಮ್ದಲ್ಲ."

"ರಸ್ತಾ ನಿಮ್ದಲ್ಲ, ಖರೆ. ದಾಟೂ ಹುಡುಗ್ರು ನಿಮ್ಮ ಊರಿನವು ಹೌದಿಲ್ಲೋ?"

ಪಿಡಿಒ ಸಾಹೇಬರು ತಿಳಿಸಿ ಹೇಳಿದರು. ಪಂಚಾಯಿತಿ ಮಾಡಬಹುದಾದದ್ದು ಠರಾವು ಒಂದೇ. ಅದು ಬಾಗಲಕೋಟೆಗೆ ಹೋಗುತ್ತದೆ. ಅಲ್ಲಿಂದ ಅಧಿಕಾರಿಗಳು ಬಂದು ಗಾಡಿಗಳು ಎಷ್ಟು ಜೋರು ಹೋಗುತ್ತವೆ ಎಂದು ಅಳೆಯುತ್ತಾರೆ, ಶಾಲೆ, ಮನೆ, ತಿರುವು ನೋಡುತ್ತಾರೆ. ಆಮೇಲೆ ಜಿಲ್ಲಾಧಿಕಾರಿಗಳ ಆದೇಶ, ಆಮೇಲೆ ಬೋರ್ಡು.

"ಹಂಗಾರ ಠರಾವು ಬರೀರಿ," ಎಂದೆ. "ಬರಿಯೂತನಾ ನಾ ಇಲ್ಲೇ ಕುಂಡ್ರತೇನಿ."

ಕೂತೆ. ಬರೆದರು. ಆ ಬಳಿಕ ಪಿಡಿಒ ಸಾಹೇಬರು ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದರು. ಎದುರುಮನೆಯ ಮುದುಕಿ ಚೇಷ್ಟೆ ಮಾಡಿದಳು: "ಬೋರ್ಡ್ ಹಾಕಿದ್ರ ಲಾರಿ ಓದ್ತಾವೇನಬೇ?"

"ಲಾರಿ ಓದೂದಿಲ್ಲ. ಹೊಡಿಯಾಂವ ಓದ್ತಾನ."

ಕೊನೆಗೆ ಬಾಗಲಕೋಟೆಯಿಂದ ಇಬ್ಬರು ಬಂದರು, ಯಾರಿಗೂ ಹೇಳದೆ. ಬೇವಿನ ಮರದ ಕೆಳಗೆ ನಿಂತು ಪಿಸ್ತೂಲಿನಂಥ ಒಂದು ಮಷೀನನ್ನು ಗಾಡಿಗಳತ್ತ ಹಿಡಿದರು. ಅದು ಹುರಳಿ ಕೀಳುವ ಸುಗ್ಗಿ. ನಮ್ಮ ಓಣಿಯವರು ಕಿತ್ತ ಹುರಳಿಯನ್ನು ರಸ್ತೆಯ ಮೇಲೆ ಹರವುತ್ತೇವೆ. ಗಾಡಿ ಹಾಯ್ದು ಕಾಳು ಬಿಡುತ್ತದೆ, ಎತ್ತು ಬೇಡ, ಒಕ್ಕುವ ಮಷೀನಿನ ಬಾಡಿಗೆ ಬೇಡ. ಅಂದು ಎಲ್ಲರದೂ ಹರವಿತ್ತು, ನನ್ನದೇ ದೊಡ್ಡದು. ಗಾಡಿಗಳೆಲ್ಲ ಅದರ ಮೇಲೆ ತೆವಳುತ್ತಿದ್ದವು. ಮಧ್ಯಾಹ್ನ ನಾನು ಹೋಗಿ ನೋಡಿದಾಗ ದೊಡ್ಡ ಸಾಹೇಬರು ಮಷೀನನ್ನು ಪೆಟ್ಟಿಗೆಗೆ ಹಾಕುತ್ತಿದ್ದರು.

"ಅಜ್ಜಿ, ನಿಮ್ಮ ಊರಾಗ ಗಾಡಿ ಎತ್ತಿನ ಬಂಡಿ ಹೊಂಟಂಗ ಹೊಂಟಾವಲ್ರಿ. ಬೋರ್ಡ್ ಯಾಕ ಬೇಕು?"

ನಮ್ಮ ಹುರಳಿಯೇ ನಮ್ಮ ವಿರುದ್ಧ ಸಾಕ್ಷಿ ಹೇಳಿಬಿಟ್ಟಿತ್ತು.

"ಹುರಳ್ಯಾಗ ಜಾರ್ತೇವಿ ಅಂತ ಅಂಜಿ ನಿಧಾನ ಹೊಂಟಾವ್ರಿ, ಸಾಹೇಬ್ರ. ರೊಟ್ಟಿ ತಿನ್ರಿ, ಅಷ್ಟ್ರಾಗ ರಸ್ತಾ ಬಳೀತೇವಿ. ಮತ್ತ ಅಳೀರಿ."

"ನಮಗ ಬಾದಾಮಿಗಿ ಹೋಗೂದೈತಿ."

"ಹೋಗ್ರಿ. ಉಂಡು ಹೋಗ್ರಿ. ಅಲ್ಲೀತನಕ ನಾ ಜೀಪಿನ ಮುಂದ ಕುಂತಿರ್ತೇನಿ."

ಕೂತೇಬಿಟ್ಟೆ. ಸೊಸೆ ರೊಟ್ಟಿ, ಎಣ್ಣೆಗಾಯಿ ತಂದಳು. ಓಣಿಯ ಹೆಂಗಸರು ಹುರಳಿ ಒಟ್ಟತೊಡಗಿದರು. ಎದುರುಮನೆಯವಳು ಸಿಟ್ಟಿನಿಂದ ಬಂದಳು: "ನಿನ್ನ ಮೊಮ್ಮಗಳ ಸಲುವಾಗಿ ನನ್ನ ಕಾಳು ಕಾಯಾಗ ಉಳೀತಲ್ಲಬೇ."

"ನಿನ್ನ ಮೊಮ್ಮಗ ಬ್ಯಾರೆ ಸಾಲಿಗಿ ಹೊಕ್ಕಾನೇನು?"

ಅವಳೂ ಕಸಬರಿಗೆ ಎತ್ತಿಕೊಂಡಳು. ರಸ್ತೆ ಮತ್ತೆ ಕರ್ರಗೆ ಕಂಡಿತು. ಆಗಲೇ ಶಾಲೆ ಬಿಟ್ಟು ಮಕ್ಕಳು ಅಂಚಿಗೆ ಬಂದು ನಿಂತರು, ಹುನಗುಂದದ ಕಡೆಯಿಂದ ಒಂದು ಲಾರಿ ಬಂತು. ಸಾಹೇಬರು ಒಂದು ಕೈಯಲ್ಲಿ ಮಷೀನು ಹಿಡಿದು ಇನ್ನೊಂದು ಕೈಯನ್ನು ಮಕ್ಕಳಿಗೆ ಅಡ್ಡ ಚಾಚಿದರು. ಧೂಳು ಇಳಿದ ಮೇಲೆ ಮಷೀನು ನೋಡಿದರು, ಜೊತೆಯವರಿಗೂ ತೋರಿಸಿದರು. ಹೊತ್ತು ಮುಳುಗುವವರೆಗೆ ಅಲ್ಲಿಂದ ಕದಲಲಿಲ್ಲ.

ಹೋಗುವಾಗ ಎಂದರು, "ಅಜ್ಜಿ, ಡಾಂಬರ ಮ್ಯಾಲ ಇನ್ನ ರಾಶಿ ಹಾಕಬಾರ್ದು. ಬೈಕಿನವ್ರು ಜಾರಿ ಬೀಳ್ತಾರ."

"ಬೋರ್ಡ್ ಬರ್ಲಿ. ನಾವು ಹೊಲದಾಗ ಕಣಾ ಮಾಡ್ಕೋತೇವಿ."

ಬೋರ್ಡು ಬಂತು. ಕೆಂಪು ಸುತ್ತಿನೊಳಗೆ ಮೂವತ್ತು ಎಂದು ಬರೆದಿದೆ. ಮೊಮ್ಮಗಳು ದಿನಾ ಅದನ್ನು ಗಟ್ಟಿಯಾಗಿ ಓದಿಯೇ ದಾಟುತ್ತಾಳೆ. ಈ ಸಲದ ಹುರಳಿಯನ್ನು ಹೊಲದಲ್ಲೇ ಕೋಲಿನಿಂದ ಬಡಿದೆವು. ರಟ್ಟೆಗಳು ಇನ್ನೂ ನೋಯುತ್ತವೆ, ನೋಯಲಿ. ಶಾಲೆಯ ಹೊತ್ತಿಗೆ ನಾನು ಬೋರ್ಡಿನ ಕೆಳಗೆ ಕೋಲು ಹಿಡಿದು ನಿಲ್ಲುತ್ತೇನೆ. ಓದಲು ಮರೆತವರಿಗೆ ಓದಿಸಬೇಕಲ್ಲ.

ಮೊನ್ನೆ ಒಬ್ಬ ಲಾರಿಯವನು ಬ್ರೇಕು ಹಾಕಿ ಗೊಣಗಿದ, "ಹಿಂಗ ಹ್ವಾದ್ರ ನಾ ಇಳಕಲ್ಲ ಯಾವಾಗ ಮುಟ್ಟೂದಬೇ?"

"ಮುಟ್ತಿ ಬಿಡಪಾ," ಎಂದೆ. "ಮೊದ್ಲ ನನ್ನ ಮೊಮ್ಮಗಳು ಸಾಲಿ ಮುಟ್ಲಿ."