ಮೂರು ದಿನದ ದರ್ಜಿ ಪೇಸ್ಯಾ

ಮಾಂಟ್ರಿಯಲ್‌ನ ಕೋಟು ಕಾರ್ಖಾನೆಯೊಂದರಲ್ಲಿ ನನ್ನ ದೊಡ್ಡಮ್ಮ ಪೇಸ್ಯಾ ಮೂವತ್ತೊಂದು ವರ್ಷ ದುಡಿದಳು. ಜೇಬು ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರು ಅಲ್ಲಿರಲಿಲ್ಲ. ಹಾಗಂತ ಅವಳೇನೂ ದರ್ಜಿಗಳ ಮನೆಯವಳಲ್ಲ. ಪೂರ್ವ ಯುರೋಪಿನ ಬುಕೊವಿನಾದ ಸಣ್ಣ ಪೇಟೆಯೊಂದರ ಔಷಧದಂಗಡಿಯವನ ಮಗಳು.

ಎರಡನೇ ಮಹಾಯುದ್ಧದ ಹೊತ್ತಿಗೆ, ನಲವತ್ತೊಂದರಲ್ಲಿ, ಸೈನಿಕರು ಪೇಟೆಯ ಯಹೂದಿಗಳನ್ನೆಲ್ಲ ಡ್ನೀಸ್ಟರ್ ನದಿಯಾಚೆಗೆ ಅಟ್ಟಿದರು. ಆಗ ಅವಳಿಗೆ ಹದಿನೇಳು, ಅವಳ ತಂಗಿ, ಅಂದರೆ ನನ್ನಮ್ಮ ದ್ವೊಯ್ರೆಗೆ ಒಂಬತ್ತು. ಆ ಚಳಿಗಾಲದಲ್ಲೇ ಅಜ್ಜ, ಅಜ್ಜಿ ಇಬ್ಬರೂ ಟೈಫಸ್ ಜ್ವರದಲ್ಲಿ ತೀರಿಹೋದರು. ಪೇಸ್ಯಾ ಹರಕು ಸ್ವೆಟರುಗಳ ಉಣ್ಣೆ ಬಿಚ್ಚಿ, ಹಳ್ಳಿಯ ಹೆಂಗಸರಿಗೆ ಕಾಲುಚೀಲ ಹೆಣೆದುಕೊಟ್ಟು ಆಲೂಗಡ್ಡೆ ತರುತ್ತಿದ್ದಳು. ತಿರುಳು ತಂಗಿಗೆ, ಸಿಪ್ಪೆ ತನಗೆ.

"ಸತ್ವ ಎಲ್ಲಾ ಸಿಪ್ಪೇಲೇ ಕಣೇ ಇರೋದು. ಔಷಧದಂಗಡಿ ಮಗಳು ನಾನು, ನಂಗೊತ್ತಿಲ್ವಾ?" ಅನ್ನುತ್ತಿದ್ದಳಂತೆ. ಮದುವೆಯಾಗುವವರೆಗೂ ಅಮ್ಮ ಅದನ್ನು ನಂಬಿದ್ದಳು!

ಯುದ್ಧ ಮುಗಿದ ಮೇಲೆ ಇಬ್ಬರೂ ಜರ್ಮನಿಯ ನಿರಾಶ್ರಿತರ ಶಿಬಿರ ಸೇರಿದರು. ನಲವತ್ತೆಂಟರಲ್ಲಿ, ಇನ್ನು ಮೂರು ದಿನಕ್ಕೆ ಕೆನಡಾದವರು ತಮ್ಮ ಕಾರ್ಖಾನೆಗಳಿಗೆ ದರ್ಜಿಗಳನ್ನು ಆರಿಸಲು ಬರುತ್ತಾರೆಂಬ ಸುದ್ದಿ ಬಂತು. ಅಷ್ಟರೊಳಗೆ ಹೊಲಿಗೆ ಕಲಿಸಿಕೊಡಿ ಎಂದು ಪೇಸ್ಯಾ ಪಕ್ಕದ ಕೋಣೆಯ ಮುದಿ ದರ್ಜಿ ಲೈಬಿಶ್‌ನ ಬೆನ್ನುಬಿದ್ದಳು.

"ಮೂರು ದಿನದಲ್ಲಾ? ಜೇಬೊಂದು ಕಲಿಯೋಕೆ ನಾನು ಮೂರು ವರ್ಷ ಒದೆ ತಿಂದಿದೀನಿ!"

"ಹಾಗಾದ್ರೆ ದಿನಕ್ಕೊಂದು ವರ್ಷದ ಒದೆ ಕೊಡಿ ಮಾವ."

ಪರೀಕ್ಷೆಯ ದಿನ ಕೆನಡಾದ ಅಧಿಕಾರಿ ಅವಳು ಹೊಲಿದ ಜೇಬನ್ನು ಒಳಹೊರಗೆ ತಿರುಗಿಸಿ ನೋಡಿ, "ಎಷ್ಟು ವರ್ಷದ ಅನುಭವ?" ಎಂದ.

"ಮೂರು ದಿನ."

ತಮಾಷೆಯೆಂದುಕೊಂಡು ಅವನು ಬಿದ್ದು ಬಿದ್ದು ನಕ್ಕು ಸಹಿ ಹಾಕಿದ.

ಆದರೆ ಹೊರಡುವ ಮುಂಚಿನ ಎಕ್ಸ್‌ರೇಯಲ್ಲಿ ಅಮ್ಮನ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. "ನೀವು ಹೊರಡಿ, ಅವಳು ಆಮೇಲೆ ಬರ್ಲಿ," ಎಂದು ಅಧಿಕಾರಿಗಳು ಪೇಸ್ಯಾಗೆ ಹೇಳಿದರು.

ಪೇಸ್ಯಾ ಸಹಿಯಾದ ಕಾಗದವನ್ನು ಮೇಜಿನ ಮೇಲೆ ವಾಪಸ್ಸಿಟ್ಟಳು. "ನಮ್ಮನ್ನು ಮನೆಯಿಂದ ಹೊರಗೆ ಹಾಕಿದಾಗ ಅಪ್ಪನಿಗೂ ಹೀಗೇ ಹೇಳಿದ್ರು. ನೀವು ನಡೀರಿ, ಸಾಮಾನು ಆಮೇಲೆ ಬರತ್ತೆ ಅಂತ. ಇವಳು ಸಾಮಾನಲ್ಲ ಸ್ವಾಮಿ."

"ನನ್ನಿಂದಾಗಿ ಹಡಗು ತಪ್ಪಿಸ್ಕೊಂಡ್ಯಲ್ಲೇ ಹುಚ್ಚಿ!" ಎಂದು ಅಮ್ಮ ಅತ್ತಳಂತೆ.

"ಹಡಗು ಇನ್ನೊಂದು ಬರತ್ತೆ. ನೀನು ಹಾಲು ಕುಡಿ."

ಎರಡು ವರ್ಷ ಕಾದಳು. ಕ್ಷಯದ ಆಸ್ಪತ್ರೆಗೆ ದಿನಾ ಆರು ಮೈಲಿ ನಡೆದು ಹೋಗಿ ತಂಗಿಯನ್ನು ನೋಡಿಬರುತ್ತಿದ್ದಳು. ಅಮ್ಮ ಗುಣವಾದ ಮೇಲೆ, ಐವತ್ತರಲ್ಲಿ, ಇಬ್ಬರೂ ಒಟ್ಟಿಗೇ ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗಿನಿಂದ ಇಳಿದರು.

ಕಾರ್ಖಾನೆ ಬಿಟ್ಟ ಮೇಲೆ ದೊಡ್ಡಮ್ಮ ಶಾಲೆಗಳಿಗೆ ಹೋಗಿ ಇದನ್ನೆಲ್ಲ ಹೇಳತೊಡಗಿದಳು. ಒಮ್ಮೆ ಒಬ್ಬ ಹುಡುಗಿ, "ನಿಮಗೆ ಅವರ ಮೇಲೆ ಸಿಟ್ಟು ಬರಲ್ವಾ?" ಎಂದು ಕೇಳಿದಳು.

"ಬರತ್ತೆ ಮಗಳೇ, ದಿನಾ ಬರತ್ತೆ. ಆದ್ರೆ ಬೆಳಿಗ್ಗೆ ಏಳಕ್ಕೆ ಕೆಲ್ಸಕ್ಕೆ ಹೋಗ್ಬೇಕಿತ್ತಲ್ಲ."

ಅಲ್ಲಿಂದ ಬಸ್ಸು ಹಿಡಿದು ನೇರ ನಮ್ಮ ಮನೆಗೆ ಬಂದವಳು, ಕೋಟು ಬಿಚ್ಚುವ ಮೊದಲೇ, "ದ್ವೊಯ್ರೆ, ಊಟ ಆಯ್ತೇನೇ?" ಎಂದು ಕೂಗಿದಳು. ಅಮ್ಮನಿಗೆ ಆಗ ಐವತ್ತು ವರ್ಷ.