ಹತ್ತನೆಯ ರೀಲು

ಬೇಸಿಗೆ ರಜೆಯ ಎರಡನೆಯ ಶನಿವಾರ, ಸಂಜೆ ನಾಲ್ಕೂಕಾಲು, ಇಂಟರ್‌ವಲ್. ಭದ್ರಾವತಿಯ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಇದ್ದವರು ಇಬ್ಬರು: ಆಪರೇಟರ್ ಆಗಿದ್ದ ನನ್ನ ಸೋದರಮಾವ, ಶಿವಮೊಗ್ಗದ ದುರ್ಗಿಗುಡಿಯಿಂದ ರಜೆಗೆ ಬಂದಿದ್ದ ಹತ್ತು ವರ್ಷದ ನಾನು. ಆ ಕಾಲದಲ್ಲಿ ಒಂದೇ ಪ್ರಿಂಟು ಎರಡು ಊರಿಗೆ. ಶಿವಮೊಗ್ಗದಲ್ಲಿ ಓಡಿ ಮುಗಿದ ರೀಲುಗಳು ಎರಡೆರಡಾಗಿ ಬಸ್ಸಿನಲ್ಲಿ ನಮಗೆ ಬರುತ್ತಿದ್ದವು. ಹಾಕಿದ ರೀಲಿನ ನಂಬರನ್ನು ಸ್ಲೇಟಿನಲ್ಲಿ ಬರೆಯುವುದು ನನ್ನ ಕೆಲಸ.

ಮುಖವಾಡ ತೊಟ್ಟು ಹಾರುವ ವೀರನ ಸಿನಿಮಾ. ನಾಲ್ಕು ದಿನ ನೋಡಿದ್ದರಿಂದ ಅವನ ಮೇಲೆ ನನಗೆ ತಕರಾರು ಬಹಳ. ಹಾರಬಲ್ಲವನು ಕೆಲಸಕ್ಕೆ ಬಸ್ಸಿನ ಹಿಂದೆ ಓಡುತ್ತಾನೆ. ಕಣ್ಣಿಗೊಂದು ಪಟ್ಟಿ ಕಟ್ಟಿದರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ.

"ಅವನಿಗೆ ಬುದ್ಧಿ ಇಲ್ವಾ ಮಾವ?"

"ಹಾರೋಕೆ ಬುದ್ಧಿ ಯಾಕೆ ಪುಟ್ಟಿ? ಸುಮ್ನೆ ಬರಿ."

ಹೀಗೆಂದು ಪೆಟ್ಟಿಗೆ ತೆಗೆದ ಮಾವನ ಕೈ ಹಾಗೇ ನಿಂತಿತು. ಒಳಗಿದ್ದದ್ದು ಒಂಬತ್ತು ಮತ್ತು ಹನ್ನೊಂದು. ಡಬ್ಬಿ ಅದಲುಬದಲಾಗಿ ಹತ್ತು ಶಿವಮೊಗ್ಗದಲ್ಲೇ ಉಳಿದಿತ್ತು. ಹಿಂದಿನ ವಾರವಷ್ಟೇ ಆಟ ನಿಂತು ಜನ ಕುರ್ಚಿ ಮುರಿದಿದ್ದರು. "ಇನ್ನೊಂದ್ಸಲ ಆಟ ನಿಂತ್ರೆ ನೀನೂ ಮನೇಲೇ ನಿಲ್ಲು" ಎಂದಿದ್ದರು ಟಾಕೀಸಿನ ಸಾಹುಕಾರರು.

ಮಾವ ಸೋಡಾ ಅಂಗಡಿಯಿಂದ ಫೋನು ಮಾಡಿ ಬಂದರು. ಹತ್ತು ಮತ್ತು ಹನ್ನೆರಡು ಈಗಷ್ಟೇ ಬಸ್ಸು ಹತ್ತಿವೆ, ಮುಕ್ಕಾಲು ಗಂಟೆ ಬೇಕು. ಇಂಟರ್‌ವಲ್ ಕಾಲು ಗಂಟೆ ಎಳೆಯಬಹುದು, ಒಂಬತ್ತು ಓಡುವುದು ಇನ್ನೊಂದು ಕಾಲು ಗಂಟೆ.

"ಆಮೇಲೆ ಹನ್ನೊಂದು ಹಾಕಿ ಮಾವ. ಅವನು ಮಾಡೋದಕ್ಕೆ ಹೆಂಗೂ ತಲೆಬುಡ ಇಲ್ಲ."

ಮಾವ ನಗಲಿಲ್ಲ. ಒಂಬತ್ತು ಮುಗಿದಾಗ ಹನ್ನೊಂದನ್ನೇ ಹಾಕಿದರು.

ನಾನು ಬಸ್ಸು ಕಾಯಲು ರಸ್ತೆಗೆ ಓಡಿದೆ. ಬಾಗಿಲ ಸಂದಿಯಿಂದ ಹೆಂಗಸರ ಬಿಕ್ಕು ಕೇಳಿಸಿತು: ವೀರನ ತಾಯಿ ಸತ್ತಳು. ಆಮೇಲೆ ಶಿಳ್ಳೆ: ಅವನು ಖಳನ ಮುಂದೆಯೇ ಮುಖವಾಡ ಕಿತ್ತೆಸೆದ. ಅಂದರೆ ಇನ್ನು ನಾಲ್ಕೇ ನಿಮಿಷ. ಬಸ್ಸು ತಿರುವಿನಲ್ಲಿ ಕಂಡಿತು. ಡಬ್ಬಿಗಳನ್ನು ಹೊಟ್ಟೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದೆ. ಮಾವ ಎರಡನೆಯ ಮೆಷಿನ್ನಿಗೆ ಫಿಲ್ಮು ಏರಿಸುವುದಕ್ಕೂ ಪರದೆಯ ಮೂಲೆಯಲ್ಲಿ ರೀಲು ಮುಗಿಯಿತೆನ್ನುವ ಕೊನೆಯ ಚುಕ್ಕೆ ಮೂಡುವುದಕ್ಕೂ ಸರಿಹೋಯಿತು.

ಈಗ ಸತ್ತ ತಾಯಿ ಮಗನಿಗೆ ಊಟ ಬಡಿಸುತ್ತಿದ್ದಳು. ಕುರ್ಚಿಯೊಂದು ಕಿರ್ರೆಂದಿತು. ಮಾವ ನನ್ನ ಭುಜ ಬಿಗಿಯಾಗಿ ಹಿಡಿದರು.

"ಅವನಮ್ಮ ಈಗ್ತಾನೆ ಸತ್ತಳಲ್ಲ ಮಾರಾಯ?" ಎಂದ ಕೆಳಗೆ ಬೆಂಚಿನವನೊಬ್ಬ.

"ಹಾರೋನಿಗೆ ಅಮ್ಮನ್ನ ಎಬ್ಬಿಸೋದು ಕಷ್ಟನಾ? ನೀ ಸುಮ್ನೆ ನೋಡು!" ಎಂದ ಪಕ್ಕದವನು.

"ಆ ವಿಲನ್ನು 'ಯಾರೋ ನೀನು' ಅಂತಾನಲ್ಲ, ಮುಖ ನೋಡಿರ್ಲಿಲ್ವಾ?"

"ಹೆದ್ರಿ ಮರ್ತಿದಾನೆ!"

ಶಿಳ್ಳೆ ಟಾಕೀಸಿನ ಚಾವಣಿಯ ತಗಡು ಹಾರಿಸುವಂತೆ ಬಂತು.

ಆಟ ಮುಗಿದ ಮೇಲೆ ಸಾಹುಕಾರರು ಮೇಲೆ ಬಂದರು. ಸ್ಲೇಟಿನಲ್ಲಿ ನಾನು ಇದ್ದದ್ದನ್ನೇ ಬರೆದಿದ್ದೆ: 9, 11, 10, 12. ಮಾವ ಅದನ್ನು ಮುಚ್ಚಿಡಲಿಲ್ಲ. ಸಾಹುಕಾರರು ಎರಡು ಸಲ ಓದಿ, "ಆಟ ನಿಲ್ಲಲಿಲ್ವಲ್ಲ" ಎಂದು ಇಳಿದುಹೋದರು.

ಇಂಥ ಸಿನಿಮಾಗಳನ್ನು ಈಗ ಮೊಮ್ಮಗನ ಜೊತೆ ಮೊಬೈಲಿನಲ್ಲಿ ನೋಡುತ್ತೇನೆ. ವೀರರು ಆಗಿನಷ್ಟೇ ದಡ್ಡರು. ಅವನೊಂದು ತಪ್ಪು ಹೇಳಿದರೆ ನಾನೆರಡು ಹೇಳುತ್ತೇನೆ. ಆದರೆ ವೀರನ ಪರ ವಾದಿಸಲು ಬೆಂಚಿನವರು ಇಲ್ಲ. ಟಾಕೀಸು ಸಿಮೆಂಟಿನ ಗೋದಾಮಾಗಿದೆ.

ಆ ಶನಿವಾರ ನನ್ನ ಕೊನೆಯ ಕೆಲಸ ರೀಲುಗಳನ್ನು ಜೋಡಿಸುವುದಾಗಿತ್ತು. ಹತ್ತನ್ನು ಹನ್ನೊಂದರ ಮುಂದೆ ಇಟ್ಟರೆ ನಾಳೆ ಆ ತಾಯಿ ಸತ್ತವಳು ಸತ್ತೇ ಇರುತ್ತಾಳೆಂದು ಗೊತ್ತಿತ್ತು. ಡಬ್ಬಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅದರ ಜಾಗದಲ್ಲೇ ಇಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಮಾವನಿಗೆ ಕೊಟ್ಟೆ.